ಸ್ವಂತ ಅಂಚೆಮನೆ: ಕಂಟೇನರಿನೊಳಗೊಂದು ಮೇಲ್ ಸರ್ವರ್

ಇ-ಮೇಲ್ ಬರೆಯುವವರಲ್ಲಿ ಬಹುಮಂದಿ ಯಾವುದಾದರೊಂದು ದೊಡ್ಡ ಸಂಸ್ಥೆಯ ಸೌಕರ್ಯವನ್ನು ಬಳಸುತ್ತಿರುವುದರಿಂದ, ಈ ಪತ್ರವ್ಯವಹಾರವೇ ಆ ಸಂಸ್ಥೆಗಳ ಸೊತ್ತೆಂಬ ಭಾವನೆ ಬೆಳೆದಿದೆ. ವಾಸ್ತವವಾಗಿ ಅದು ಯಾರೊಬ್ಬರ ಸೊತ್ತೂ ಅಲ್ಲ. ಅಮೆರಿಕದ ಜಾನ್ ಪೋಸ್ಟೆಲ್ ಎಂಬ ಗಣಕವಿಜ್ಞಾನಿ 1982ರಲ್ಲಿ ಪ್ರಕಟಿಸಿದ ಎಸ್‌.ಎಂ.ಟಿ.ಪಿ. ಎಂಬ ನಿಯಮಾವಳಿಯನ್ನು ಪಾಲಿಸತಕ್ಕ ಯಾವ ಗಣಕಯಂತ್ರವಾದರೂ ಅಂಚೆಮನೆಯಾಗಬಲ್ಲದು. ಒಂದು ಕಾಲೇಜಿನ ವಿಜ್ಞಾನಸಂಘವು ತನ್ನದೇ ಹೆಸರಿನಲ್ಲಿ ಸದಸ್ಯರಿಗೆಲ್ಲ ವಿಳಾಸಗಳನ್ನು ಕೊಡಬಯಸಿದರೆ ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಅಂತಹ ಅಂಚೆಮನೆಯನ್ನು ಕಟ್ಟುವುದು ಈಗ ಒಂದು ಮಧ್ಯಾಹ್ನದ ಕೆಲಸ. ಆದರೆ ಅಲ್ಲಿಂದ ಹೊರಟ ಪತ್ರವನ್ನು ಹೊರಗಿನವರು ನಂಬುವಂತೆ ಮಾಡುವುದು ಬೇರೆಯೇ ಮಾತು.

ಮೊದಲು ಕಟ್ಟಡವನ್ನು ನೋಡೋಣ. ಮೇಲ್ ಸರ್ವರ್ ಎಂಬುದು ಒಂದೇ ತಂತ್ರಾಂಶವಲ್ಲ. ಪತ್ರಗಳನ್ನು ಹೊರಕ್ಕೆ ಕಳಿಸಲು ಮತ್ತು ಹೊರಗಿನಿಂದ ಸ್ವೀಕರಿಸಲು ಪೋಸ್ಟ್‌ಫಿಕ್ಸ್‌ನಂತಹದೊಂದು, ಬಂದವುಗಳನ್ನು ಪೆಟ್ಟಿಗೆಯಲ್ಲಿಟ್ಟು ಓದುಗನಿಗೆ ತೋರಿಸಲು ಡವ್‌ಕಾಟ್‌ನಂತಹದೊಂದು, ರದ್ದಿ ಪತ್ರಗಳನ್ನು ಸೋಸಲು ಮತ್ತೊಂದು, ಹೀಗೆ ಹಲವು ಸೇರಿ ಕೆಲಸ ನಡೆಯಬೇಕು. ಒಂದೊಂದಕ್ಕೂ ಬೇರೆ ಬೇರೆ ಸಹಾಯಕ ತಂತ್ರಾಂಶಗಳು ಬೇಕಾಗಿ, ಒಂದನ್ನು ಸರಿಪಡಿಸಲು ಹೋದರೆ ಇನ್ನೊಂದು ಕೆಡುವುದು ಹಿಂದೆ ಸಾಮಾನ್ಯವಾಗಿದ್ದಿತು.

ಈ ತೊಡಕಿಗೆ ಕಂಟೇನರ್ ಎಂಬ ಉಪಾಯವು ಒದಗಿತು. 1956ರಲ್ಲಿ ಅಮೆರಿಕದ ಮಾಲ್ಕಮ್ ಮೆಕ್‌ಲೀನ್ ಸರಕನ್ನೆಲ್ಲ ದೊಡ್ಡ ಪೆಟ್ಟಿಗೆಗಳಲ್ಲಿ ತುಂಬಿ ಪೆಟ್ಟಿಗೆಯನ್ನೇ ಹಡಗಿಗೇರಿಸಿದಂತೆ, ಇಲ್ಲಿ ತಂತ್ರಾಂಶವನ್ನು ಅದಕ್ಕೆ ಬೇಕಾದ ಸಾಮಗ್ರಿಯೊಡನೆ ಒಂದೇ ಕಟ್ಟಿನಲ್ಲಿಟ್ಟು ಯಾವ ಯಂತ್ರದ ಮೇಲಾದರೂ ಇಳಿಸಬಹುದು. 2013ರಲ್ಲಿ ಹೊರಬಂದ ಡಾಕರ್ ಎಂಬ ಸಾಧನವು ಇದನ್ನು ಬಳಕೆಗೆ ತಂದಿತು. ಕಂಟೇನರನ್ನು ಯಂತ್ರದೊಳಗಿನ ಮತ್ತೊಂದು ಯಂತ್ರವೆಂದು ತಿಳಿಯಬಾರದು. ಲಿನಕ್ಸ್‌ನ ತಿರುಳು ಎಲ್ಲ ಕಂಟೇನರುಗಳಿಗೂ ಒಂದೇ. ಪ್ರತಿಯೊಂದಕ್ಕೂ ತನ್ನ ಕಡತಗಳೂ ತನ್ನ ಕೆಲಸಗಳೂ ಮಾತ್ರವೇ ಕಾಣುವಂತೆ ಆ ತಿರುಳು ಮರೆಯೊಡ್ಡುತ್ತದೆ, ಇಷ್ಟೇ ಸ್ಮೃತಿ ನಿನಗೆ ಎಂದು ಮಿತಿ ಹಾಕುತ್ತದೆ. ಒಂದೇ ಮನೆಯಲ್ಲಿ ತಡಿಕೆ ಕಟ್ಟಿಕೊಂಡು ಬಾಳುವ ಸಂಸಾರಗಳಂತೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಂಟೇನರನ್ನು ತೆಗೆದುಹಾಕಿದರೆ ಅದರೊಳಗೆ ಬರೆದುದೆಲ್ಲವೂ ಅದರೊಡನೆ ಅಳಿಯುತ್ತದೆ. ತಂತ್ರಾಂಶದ ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯ ಕಂಟೇನರನ್ನು ತೆಗೆದು ಹೊಸದನ್ನು ಹೂಡುವುದೇ ವಾಡಿಕೆಯಾದುದರಿಂದ, ಇದು ಎಂದಾದರೊಮ್ಮೆ ಬರುವ ಅಪಾಯವಲ್ಲ, ಬಂದೇ ಬರುವ ಸಂದರ್ಭ. ಆದ್ದರಿಂದ ಪತ್ರಗಳನ್ನೂ ಬಳಕೆದಾರರ ಪಟ್ಟಿಯನ್ನೂ ಗುಪ್ತ ಕೀಲಿಗಳನ್ನೂ ‘ವಾಲ್ಯೂಮ್’ ಎಂಬ ಹೊರಗಿನ ಉಗ್ರಾಣದಲ್ಲಿ ಇಡತಕ್ಕದ್ದು. ಆ ಉಗ್ರಾಣಕ್ಕೂ ಬೇರೊಂದು ಯಂತ್ರದಲ್ಲಿ ಪ್ರತಿಯಿರಲಿ.

ಇನ್ನು ನಂಬಿಕೆಯ ವಿಷಯ. ಎರಡು ಅಂಚೆಮನೆಗಳ ಸಂಭಾಷಣೆ ಬಹಳ ಸರಳ. ಕಳಿಸುವ ಯಂತ್ರವು ಎದುರಿನ ಯಂತ್ರದ 25ನೆಯ ಪೋರ್ಟನ್ನು, ಎಂದರೆ ಪತ್ರಗಳಿಗೆಂದೇ ಗೊತ್ತುಮಾಡಿದ ಬಾಗಿಲನ್ನು, ತಟ್ಟಿ ‘ಹೆಲೊ’ ಎಂದು ತನ್ನ ಹೆಸರು ಹೇಳುತ್ತದೆ. ಬಳಿಕ ಕಳಿಸಿದವರ ವಿಳಾಸ, ಸೇರಬೇಕಾದವರ ವಿಳಾಸ, ಕೊನೆಗೆ ಪತ್ರದ ಒಡಲು. ಒಂದು ಸಾಲಿನಲ್ಲಿ ಬರಿಯ ಚುಕ್ಕೆ ಬಂದರೆ ಪತ್ರ ಮುಗಿಯಿತು. ಆ ಕಡೆಯಿಂದ 250 ಎಂಬ ಅಂಕಿ ಬಂದರೆ ‘ಆಗಲಿ’ ಎಂದರ್ಥ. ಕಳಿಸಿದವರ ವಿಳಾಸ ನಿಜವೇ ಎಂದು ಕೇಳುವ ಏರ್ಪಾಡು ಈ ಮೂಲ ನಿಯಮದಲ್ಲಿ ಎಲ್ಲಿಯೂ ಇಲ್ಲ! ವಿಶ್ವವಿದ್ಯಾನಿಲಯಗಳೂ ಸಂಶೋಧನಾಲಯಗಳೂ ಮಾತ್ರವೇ ಜಾಲದಲ್ಲಿದ್ದ ಕಾಲಕ್ಕೆ ಅದು ಸಾಕಾಗಿತ್ತು. ಇಂದು ಯಾರು ಬೇಕಾದರೂ ಬ್ಯಾಂಕಿನ ಹೆಸರಿನಲ್ಲಿ ಪತ್ರ ಬರೆದಾರು.

ಈ ಕೊರತೆಯನ್ನು ತುಂಬಲು ಮೂರು ಏರ್ಪಾಡುಗಳು ಒಂದರ ಮೇಲೊಂದು ಬಂದುವು. ಮೂರಕ್ಕೂ ಆಧಾರ ಡಿ.ಎನ್‌.ಎಸ್. ಎಂಬ ಜಗದ್ವ್ಯಾಪಿಯಾದ ಹೆಸರುಗಳ ದಫ್ತರು. ಸಂಘವು ಕೊಂಡ ಡೊಮೈನ್ ಹೆಸರಿನ ಪುಟದಲ್ಲಿ ಸಂಘವಲ್ಲದೆ ಬೇರೆಯವರು ಬರೆಯಲಾರರಷ್ಟೆ. ‘ನಮ್ಮ ಹೆಸರಿನ ಪತ್ರಗಳು ಇಂತಿಂತಹ ಯಂತ್ರಗಳಿಂದ ಮಾತ್ರ ಹೊರಡುತ್ತವೆ’ ಎಂದು ಆ ಪುಟದಲ್ಲಿ ಬರೆದಿಡುವುದೇ ಎಸ್‌.ಪಿ.ಎಫ್. ಎರಡನೆಯದಾದ ಡಿ.ಕೆ.ಐ.ಎಂ. ಇನ್ನೂ ಚಮತ್ಕಾರವಾದುದು. ಸರ್ವರು ತನ್ನಲ್ಲಿರುವ ಗುಪ್ತ ಕೀಲಿಯಿಂದ ಪ್ರತಿ ಪತ್ರಕ್ಕೂ ಗಣಿತದ ಮೊಹರೊಂದನ್ನು ಒತ್ತುತ್ತದೆ. ಅದಕ್ಕೆ ಜೋಡಿಯಾದ ಬಹಿರಂಗ ಕೀಲಿ ದಫ್ತರಿನಲ್ಲಿರುತ್ತದೆ. ಬಹಿರಂಗ ಕೀಲಿಯಿಂದ ಮೊಹರನ್ನು ಪರೀಕ್ಷಿಸಬಹುದೇ ಹೊರತು ಒತ್ತಲಾಗದು. ದಾರಿಯಲ್ಲಿ ಯಾರಾದರೂ ಒಂದು ಪದವನ್ನು ಬದಲಿಸಿದರೂ ಮೊಹರು ಹೊಂದುವುದಿಲ್ಲ.

ಆದರೂ ಒಂದು ಸಂದು ಉಳಿಯುತ್ತದೆ. ಲಕೋಟೆಯ ಮೇಲಿನ ಹೆಸರು ಒಂದು, ಒಳಗಿನ ಕಾಗದದ ತಲೆಯಲ್ಲಿ ಕಾಣುವ ಹೆಸರು ಇನ್ನೊಂದು ಆಗಿರಬಹುದಷ್ಟೆ. ಎಸ್‌.ಪಿ.ಎಫ್. ನೋಡುವುದು ಲಕೋಟೆಯನ್ನು, ಓದುಗನ ಕಣ್ಣಿಗೆ ಬೀಳುವುದು ಕಾಗದ. ಓದುಗನು ಕಾಣುವ ಹೆಸರಿಗೂ ಮೇಲಿನ ಎರಡರಲ್ಲಿ ಒಂದಕ್ಕಾದರೂ ತಾಳೆಯಿರಬೇಕು, ಇಲ್ಲವಾದರೆ ಪತ್ರವನ್ನು ಏನು ಮಾಡಬೇಕು ಎಂದು ಸಾರುವುದೇ ಮೂರನೆಯದಾದ ಡಿಮಾರ್ಕ್. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಇಂತಹ ಗುರುತುಗಳನ್ನು ಕಡ್ಡಾಯ ಮಾಡಿದುವು. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರಿಗೆ ಮೂರೂ ಬೇಕು.

ಇಷ್ಟಾದರೂ ಮನೆಯಲ್ಲಿರುವ ಯಂತ್ರದಿಂದ ಪತ್ರ ಕಳಿಸುವುದು ಸುಲಭಸಾಧ್ಯವಲ್ಲ. ಅನೇಕ ಅಂತರಜಾಲ ಕಂಪೆನಿಗಳು ಮನೆಯ ಸಂಪರ್ಕಗಳಿಂದ 25ನೆಯ ಬಾಗಿಲಿಗೆ ಹೋಗುವುದನ್ನೇ ತಡೆದಿರುತ್ತವೆ. ಅಲ್ಲದೆ, ಯಂತ್ರದ ಐ.ಪಿ. ಸಂಖ್ಯೆಯಿಂದ ಹೆಸರನ್ನು ಹುಡುಕಿದರೆ ಸರ್ವರಿನ ಹೆಸರೇ ಸಿಕ್ಕಬೇಕು; ಆ ದಾಖಲೆಯನ್ನು ಮಾಡತಕ್ಕವರು ಸಂಖ್ಯೆಯ ಒಡೆಯರೇ ಹೊರತು ನಾವಲ್ಲ. ಆದ್ದರಿಂದ ಸ್ಥಿರವಾದ ಸಂಖ್ಯೆಯುಳ್ಳ ಯಂತ್ರವನ್ನು ಬಾಡಿಗೆಗೆ ಹಿಡಿಯುವುದು ಮೇಲು. ಸಂಖ್ಯೆ ಸಿಕ್ಕ ಕೂಡಲೆ ಹಿಂದಿನ ಬಾಡಿಗೆದಾರನು ಅದರ ಹೆಸರು ಕೆಡಿಸಿರುವನೇ ಎಂದು ಕಪ್ಪುಪಟ್ಟಿಗಳಲ್ಲಿ ನೋಡಬೇಕು. ಗುರುತಿಲ್ಲದವರ ಪತ್ರಗಳನ್ನು ಊರೂರಿಗೆ ದಾಟಿಸುವ ‘ತೆರೆದ ರಿಲೇ’ ಆಗಿ ನಮ್ಮ ಸರ್ವರನ್ನು ಬಿಟ್ಟರೆ, ರದ್ದಿ ಹಂಚುವವರು ಅದನ್ನು ಹುಡುಕಿ ಹಿಡಿಯಲು ಬಹುಕಾಲ ಬೇಕಾಗದು. ಆ ಪಟ್ಟಿಯಲ್ಲಿ ನಮ್ಮ ಹೆಸರೂ ಸೇರುವುದು.

ವಿದ್ಯುತ್ತು ಹೋದರೆ ಅಥವಾ ಕಂಟೇನರನ್ನು ಬದಲಿಸುವಾಗ ಬಂದ ಪತ್ರಗಳ ಗತಿಯೇನು ಎಂದು ವಿದ್ಯಾರ್ಥಿಗಳು ಕೇಳಬಹುದು. ಪೋಸ್ಟೆಲ್ಲರ ನಿಯಮಾವಳಿ ಇಲ್ಲಿ ಉದಾರವಾಗಿದೆ. ಬಾಗಿಲು ಮುಚ್ಚಿದ್ದರೆ ಕಳಿಸುವ ಯಂತ್ರವು ಪತ್ರವನ್ನು ಎಸೆಯದೆ ತನ್ನ ಸರದಿಯಲ್ಲಿಟ್ಟುಕೊಂಡು ಆಗಾಗ್ಗೆ ಬಂದು ತಟ್ಟುತ್ತಿರಬೇಕು. ಕನಿಷ್ಠ 4–5 ದಿನಗಳಾದರೂ ಹೀಗೆ ಯತ್ನಿಸಿದ ಬಳಿಕವೇ ಕೈಬಿಡಬೇಕೆಂದು ಅದರ ಈಚಿನ ಪರಿಷ್ಕರಣವು ಹೇಳುತ್ತದೆ.