ಕೆಟ್ಟಿರುವುದು ಯಾವ ಚಕ್ರ?

ಖಾಲಿ ಗಾಡಿ. ಬ್ರೇಕ್ ಒತ್ತಿದರೆ ಹಿಂದಿನ ಎಡಚಕ್ರ ಕಿರ್ರೆಂದು ಜಾರಿ ರಸ್ತೆಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಬಲಚಕ್ರ ಸದ್ದಿಲ್ಲದೆ ಉರುಳುತ್ತದೆ. ‘ಎಡಗಡೇದು ಬಿಚ್ಚಿ ನೋಡಣ್ಣ’ ಎನ್ನುತ್ತಾನೆ ಹಳೆಯ ಪಿಕಪ್ಪಿನ ಚಾಲಕ. ಅನುಭವಿ ಮೆಕ್ಯಾನಿಕ್ ಮೊದಲು ಜಾಕ್ ಕೊಡುವುದು ಬಲಗಡೆಗೆ. ಕಿರುಚುವ ಚಕ್ರ ಪಾಪ, ಪಕ್ಕದ್ದರ ಪಾಲಿನ ಕೆಲಸವನ್ನೂ ಮಾಡುತ್ತಿರಬಹುದು.

ಡ್ರಮ್ ಎಂದರೆ ಚಕ್ರದ ಜೊತೆ ತಿರುಗುವ ಎರಕದ ಕಬ್ಬಿಣದ ಡಬರಿ. ಅದರೊಳಗೆ ಅರ್ಧಚಂದ್ರದಂಥ ಎರಡು ಶೂ, ಶೂಗಳ ಬೆನ್ನಿಗೆ ಲೈನರ್. ಪೆಡಲ್ ಒತ್ತಿದಾಗ ವೀಲ್ ಸಿಲಿಂಡರಿನ ಪಿಸ್ಟನ್ನುಗಳು ಶೂಗಳನ್ನು ಡ್ರಮ್ಮಿಗೆ ಒತ್ತುತ್ತವೆ. ಗಾಡಿ ಮುಂದಕ್ಕೆ ಓಡುತ್ತಿದ್ದರೆ ಮುಂದಿನ ಶೂವನ್ನು ತಿರುಗುವ ಡ್ರಮ್ಮೇ ತನ್ನತ್ತ ಇನ್ನಷ್ಟು ಎಳೆದುಕೊಳ್ಳುತ್ತದೆ. ಬಾಗಿಲ ಕೆಳಗಿಟ್ಟ ಬೆಣೆ, ಬಾಗಿಲು ತಳ್ಳಿದಷ್ಟೂ ಬಿಗಿಯುವುದಿಲ್ಲವೇ, ಹಾಗೆ. 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ರೂಪಿಸಿದ ಈ ಬ್ರೇಕು ಇಷ್ಟು ಕಾಲ ಬಾಳಲು ಈ ಗುಣವೂ ಒಂದು ಕಾರಣ: ಕಾಲಿನ ಅಲ್ಪ ಬಲಕ್ಕೆ ದೊಡ್ಡ ಹಿಡಿತ. ತೊಂದರೆಯ ಮೂಲವೂ ಅಲ್ಲೇ ಇದೆ. ಹಿಡಿತ ತನ್ನಿಂದ ತಾನೇ ಬೆಳೆಯುವಾಗ ಎಡಬಲಗಳ ನಡುವಿನ ಸಣ್ಣ ವ್ಯತ್ಯಾಸವೂ ಬೆಳೆದುಬಿಡುತ್ತದೆ.

ಬಲಗಡೆಯ ಡ್ರಮ್ ಬಿಚ್ಚಿದರೆ ಸಾಮಾನ್ಯವಾಗಿ ಕಾಣುವುದು ಜಿಡ್ಡು. ಯಾವ ಜಿಡ್ಡು ಎಂಬುದೇ ಪ್ರಶ್ನೆ. ಮೆಕ್ಯಾನಿಕ್ ಅದನ್ನು ಎರಡು ಬೆರಳ ನಡುವೆ ಉಜ್ಜಿ ಮೂಸುತ್ತಾನೆ. ದಪ್ಪಗೆ, ಕಪ್ಪಗೆ, ಗಂಧಕದ ಗಬ್ಬು ಹೊಡೆದರೆ ಅದು ಡಿಫರೆನ್ಷಿಯಲ್ಲಿನ ಗೇರ್ ಆಯಿಲ್; ಆಕ್ಸಲಿನ ಸೀಲ್ ಹೋಗಿದೆ. ತೆಳ್ಳಗಿದ್ದು ನೀರಿಗೆ ತೊಳೆದುಹೋದರೆ ಬ್ರೇಕ್ ಆಯಿಲ್. ವೀಲ್ ಸಿಲಿಂಡರ್ ಸೋರುತ್ತಿದೆ. ಲೈನರ್ ಚೆನ್ನಾಗಿ ನೆನೆದಿದ್ದರೆ ಜಾರುತ್ತದೆ, ಸ್ವಲ್ಪ ತಾಗಿದ್ದರೆ ಉಲ್ಟಾ ಕಚ್ಚಿ ಹಿಡಿಯುವುದೂ ಉಂಟು. ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಉಳಿತಾಯ ನನಗೆ ಒಪ್ಪಿಗೆಯಿಲ್ಲ. ಸೋರಿಕೆ ನಿಲ್ಲಿಸಿ, ಎರಡೂ ಕಡೆಯ ಲೈನರ್ ಒಟ್ಟಿಗೇ ಬದಲಿಸಬೇಕು.

ಪೆಡಲ್ಲೂ ಕತೆ ಹೇಳುತ್ತದೆ. ಮೊದಲ ಸಲ ಕೆಳಗಿಳಿದು, ಎರಡು ಸಲ ತುಳಿದಾಗ ಮೇಲೆ ಬಂದು ಗಟ್ಟಿಯಾದರೆ ಶೂ ಮತ್ತು ಡ್ರಮ್ಮಿನ ನಡುವೆ ಸಂದು ಹೆಚ್ಚಾಗಿದೆ, ಅಡ್ಜಸ್ಟರಿನ ಹಲ್ಲುಚಕ್ರ ತುಕ್ಕು ಹಿಡಿದು ಕೂತಿರಬಹುದು. ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಏರ್ ಇದೆ. ಕಾಲಿಟ್ಟೇ ಇದ್ದರೂ ಮೆಲ್ಲಗೆ ಕುಸಿಯುತ್ತಾ ಹೋದರೆ ಎಲ್ಲೋ ಸೋರಿಕೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ವಾಷರ್ ಸವೆದಿದೆ.

ಘಾಟಿ ಇಳಿಯುವಾಗಿನ ರೋಗ ಬೇರೆ. ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಇನ್ನಷ್ಟು ಕೆಳಗಿಳಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ದ್ರವ. ಡಾಟ್ 3 ದರ್ಜೆಯದು ಹೊಸತಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೂರಕ್ಕೆ ನಾಲ್ಕು ಪಾಲಿನಷ್ಟೂ ನೀರು ಸೇರುವ ಮೊದಲೇ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ, ಕಾಲಡಿಯಲ್ಲಿ ಶೂನ್ಯ. ಚಾರ್ಮಾಡಿಯ ತಿರುವಿನಲ್ಲಿ ಇದರ ಅರ್ಥವನ್ನು ವಿವರಿಸಬೇಕಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ, ಇಳಿಜಾರಿನಲ್ಲಿ ಗೇರ್ ಇಳಿಸಿ.

ಇನ್ನೊಂದು ಎಡವಟ್ಟು ನಾವೇ ಮಾಡಿಕೊಳ್ಳುವುದು. ಹೆಚ್ಚು ಲೋಡ್ ಹೊರಲೆಂದು ಹಿಂದಿನ ಕಮಾನಿಗೆ ಒಂದು ಪ್ಲೇಟು ಸೇರಿಸುತ್ತೇವೆ. ಹಲವು ಪಿಕಪ್ಪುಗಳಲ್ಲಿ ಹಿಂಬದಿ ಎಷ್ಟು ತಗ್ಗಿದೆ ಎಂದು ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಬಿಡುವ ವಾಲ್ವ್ ಇರುತ್ತದೆ. ಹಿಂಬದಿ ತಗ್ಗದಿದ್ದರೆ ಗಾಡಿ ಖಾಲಿ ಎಂದೇ ಅದರ ಲೆಕ್ಕ. ತುಂಬಿದ ಗಾಡಿಗೆ ಖಾಲಿ ಗಾಡಿಯ ಬ್ರೇಕು! ಲೈನರ್ ಎಷ್ಟು ಸಲ ಹಾಕಿಸಿದರೂ ಇದು ಸರಿಹೋಗದು.

ಡ್ರಮ್ ನೀವೇ ಬಿಚ್ಚುವುದಾದರೆ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ. ಒಂದು ಕಡೆ ಮುಗಿಯುವ ತನಕ ಇನ್ನೊಂದು ಕಡೆ ಮುಟ್ಟಬೇಡಿ. ಯಾವ ಸ್ಪ್ರಿಂಗ್ ಎಲ್ಲಿತ್ತೆಂದು ಮರೆತಾಗ ನೋಡಿಕೊಳ್ಳಲು ಅದು ಬೇಕಾಗುತ್ತದೆ. ಒಳಗಿನ ದೂಳಿಗೆ ಮಾತ್ರ ಗಾಳಿ ಹೊಡೆಯಬೇಡಿ, ಬಾಯಲ್ಲಿ ಊದಲೂಬೇಡಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.