8.1 ಆಂಪಿಯರ್: ಎಲೆಕ್ಟ್ರಿಷಿಯನ್ ವಿದ್ಯಾರ್ಥಿಗೆ ಬೇಕಾದ ಗಣಿತ ಮತ್ತು ಅದರ ಬೆಲೆ

5 ಎಚ್‌ಪಿಯ ಮೂರು ಫೇಸ್ ಪಂಪ್‌ಸೆಟ್ ಪೂರ್ಣ ಲೋಡ್‌ನಲ್ಲಿ ಎಳೆಯುವ ಕರೆಂಟ್ ಸುಮಾರು 8.1 ಆಂಪಿಯರ್. ಲೆಕ್ಕ ಹೀಗಿದೆ: 1 ಎಚ್‌ಪಿಗೆ 746 ವ್ಯಾಟ್‌ನಂತೆ ಮೋಟಾರ್ ಹೊರಗೆ ಕೊಡುವ ಶಕ್ತಿ 3,730 ವ್ಯಾಟ್. ದಕ್ಷತೆ, ಅಂದರೆ ಒಳಗೆ ಪಡೆದ ವಿದ್ಯುತ್ತಿನಲ್ಲಿ ಕೆಲಸಕ್ಕೆ ಬರುವ ಪಾಲು, 80% ಎಂದಾದರೆ ಒಳಗೆ ಬೇಕಾದದ್ದು 4,662 ವ್ಯಾಟ್. ಇದನ್ನು 1.732, 415 ವೋಲ್ಟ್ ಮತ್ತು ಪವರ್ ಫ್ಯಾಕ್ಟರ್ 0.80, ಈ ಮೂರರ ಗುಣಲಬ್ಧದಿಂದ ಭಾಗಿಸಿದರೆ 8.1 ಬರುತ್ತದೆ. ಒಟ್ಟು ಎಳೆದ ವಿದ್ಯುತ್ತಿನಲ್ಲಿ ನಿಜವಾದ ವ್ಯಾಟ್‌ಗಳ ಅನುಪಾತವೇ ಪವರ್ ಫ್ಯಾಕ್ಟರ್. 1.732 ಎಂಬುದು 3ರ ವರ್ಗಮೂಲ.

ದಕ್ಷತೆ ಮತ್ತು ಪವರ್ ಫ್ಯಾಕ್ಟರ್ ಎರಡನ್ನೂ ಮರೆತವನಿಗೆ ಸಿಗುವ ಉತ್ತರ 5.2 ಆಂಪಿಯರ್, ಅಂದರೆ 36% ಕಡಿಮೆ. 3,730ನ್ನು ನೇರವಾಗಿ 230 ವೋಲ್ಟ್‌ನಿಂದ ಭಾಗಿಸಿದವನಿಗೆ ಸಿಗುವುದು 16.2, ಅಂದರೆ ಸರಿ ಉತ್ತರದ ಎರಡು ಪಟ್ಟು. ಮೊದಲ ತಪ್ಪು ಬೇಗ ಬಯಲಾಗುತ್ತದೆ. ಸ್ಟಾರ್ಟರ್‌ನ ಓವರ್‌ಲೋಡ್ ರಿಲೇಯನ್ನು 5.2ಕ್ಕೆ ಇಟ್ಟರೆ ಪಂಪ್ ಓಡುತ್ತಿರುವಾಗಲೇ ಟ್ರಿಪ್ ಆಗುತ್ತದೆ. ಎರಡನೆಯ ತಪ್ಪು ಮೋಟಾರ್ ಸುಡುವ ದಿನದವರೆಗೆ ಕಾಣಿಸುವುದಿಲ್ಲ.

ಕಾರಣ 14 ಆಂಪಿಯರ್ ಎಂಬ ಸಂಖ್ಯೆಯಲ್ಲಿದೆ. ಗಾಳಿ ಮಳೆಗೆ ಲೈನಿನ ಒಂದು ಫೇಸ್ ಹೋದರೆ ಓಡುತ್ತಿರುವ ಮೋಟಾರ್ ಉಳಿದ ಎರಡು ಫೇಸ್‌ಗಳಿಂದ ಸುಮಾರು 1.73 ಪಟ್ಟು ಕರೆಂಟ್ ಎಳೆಯುತ್ತದೆ. 8.1ರ 1.73 ಪಟ್ಟು 14.0. ರಿಲೇ 8.1ರಲ್ಲಿದ್ದರೆ ಅದು 73% ಹೆಚ್ಚುವರಿ ಕರೆಂಟನ್ನು ಗುರುತಿಸಿ ಮೋಟಾರನ್ನು ನಿಲ್ಲಿಸುತ್ತದೆ. 16.2ರಲ್ಲಿದ್ದರೆ ಆ 14 ಆಂಪಿಯರ್ ಮಿತಿಯೊಳಗೇ ಉಳಿಯುತ್ತದೆ, ರಿಲೇ ಅಲುಗುವುದಿಲ್ಲ, ವೈಂಡಿಂಗ್ ಕಪ್ಪಾಗುತ್ತದೆ. ಮಳೆಗಾಲದಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಫೇಸ್ ಹೋಗುವುದು ಅಪರೂಪದ ಸಂಗತಿಯಲ್ಲ.

ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ಹೀಗಾಗಿ ಲೆಕ್ಕ ತಪ್ಪಿದರೆ ರೈತನಿಗೆ ಬರುವ ಖರ್ಚು ವಿದ್ಯುತ್ ಬಿಲ್ಲಿನಲ್ಲಿ ಕಾಣಿಸುವುದಿಲ್ಲ. ಅದು ರಿವೈಂಡಿಂಗ್ ಅಂಗಡಿಯ ಚೀಟಿಯಲ್ಲಿ ಮತ್ತು ನೀರಿಲ್ಲದೆ ಕಳೆದ ದಿನಗಳಲ್ಲಿ ಕಾಣಿಸುತ್ತದೆ. ಐಟಿಐಯ ಎಲೆಕ್ಟ್ರಿಷಿಯನ್ ತರಬೇತಿ 2 ವರ್ಷದ್ದು. ಅದರಲ್ಲಿ ವರ್ಕ್‌ಶಾಪ್ ಕ್ಯಾಲ್ಕುಲೇಷನ್ ಎಂದು ಕಲಿಸುವ ಗಣಿತದಲ್ಲಿ ಭಿನ್ನರಾಶಿ, ಅನುಪಾತ, ಶೇಕಡಾ, ವರ್ಗ, ವರ್ಗಮೂಲ, ಸ್ವಲ್ಪ ತ್ರಿಕೋನಮಿತಿ ಇವೆ. ಎಸ್ಸೆಸ್ಸೆಲ್ಸಿ ದಾಟಿದವರಿಗೆ ಇವುಗಳಲ್ಲಿ ಯಾವುದೂ ಹೊಸದಲ್ಲ. ಕಷ್ಟ ಇರುವುದು ಯಾವ ಸಂಖ್ಯೆಯನ್ನು ಯಾವುದರಿಂದ ಭಾಗಿಸಬೇಕು ಎಂಬಲ್ಲಿ. ಅದನ್ನು ಕಲಿಸಲು ಉದಾಹರಣೆಗಳು ಊರಿನವೇ ಆಗಿರಬೇಕು ಎಂಬುದು ಈ ಬರಹದ ವಾದ.

25 ಕೆವಿಎ ಟಿಸಿಯನ್ನೇ, ಅಂದರೆ ಊರಿನ ಟ್ರಾನ್ಸ್‌ಫಾರ್ಮರನ್ನೇ ತೆಗೆದುಕೊಳ್ಳಬಹುದು. ಕೆವಿಎ ಎಂದರೆ ವೋಲ್ಟ್ ಮತ್ತು ಆಂಪಿಯರ್‌ಗಳ ಗುಣಲಬ್ಧ, ಸಾವಿರಗಳಲ್ಲಿ; ಮೂರು ಫೇಸ್ ಆದರೆ ಅದನ್ನು 1.732ರಿಂದಲೂ ಗುಣಿಸಬೇಕು. 415 ವೋಲ್ಟ್ ಬದಿಯಲ್ಲಿ ಈ ಟಿಸಿ ಕೊಡಬಲ್ಲ ಪೂರ್ಣ ಕರೆಂಟ್ 34.8 ಆಂಪಿಯರ್. 5 ಎಚ್‌ಪಿಯ 4 ಪಂಪ್‌ಸೆಟ್‌ಗಳು ಒಟ್ಟಿಗೆ ಓಡಿದರೆ 32.4 ಆಂಪಿಯರ್, ಅಂದರೆ ಸಾಮರ್ಥ್ಯದ 93%. ಐದನೆಯದು ಸೇರಿದರೆ 40.5 ಆಂಪಿಯರ್, ಸುಮಾರು 17% ಓವರ್‌ಲೋಡ್. ಟಿಸಿ ಯಾಕೆ ಪದೇಪದೇ ಸುಡುತ್ತದೆ ಎಂಬ ಊರಿನ ಪ್ರಶ್ನೆಗೆ ಈ ಒಂದು ಭಾಗಾಕಾರದಲ್ಲಿ ಬಹುಪಾಲು ಉತ್ತರವಿದೆ.

ಖಾನಾಪುರದಲ್ಲಿ ಲೋಡ್‌ಗಿಂತ ದೂರದ ಲೆಕ್ಕ ದೊಡ್ಡದು. ಜಾಂಬೋಟಿ, ಕಣಕುಂಬಿ ಕಡೆ ಕಾಡಂಚಿನ ಮನೆಗಳು ಚದುರಿವೆ. ಮೀಟರ್ ಒಂದು ಕಡೆ, ಬಾವಿ ಇನ್ನೊಂದು ಕಡೆ. ನಡುವೆ 100 ಮೀಟರ್ ಇದೆ, ಸಿಂಗಲ್ ಫೇಸ್ ಪಂಪ್ 10 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ಕರೆಂಟ್ ಹೋಗಿ ಬರಬೇಕಾದ್ದರಿಂದ ತಂತಿಯ ಉದ್ದ 200 ಮೀಟರ್. ವಿದ್ಯಾರ್ಥಿಗಳು ಹೆಚ್ಚಾಗಿ ಮರೆಯುವುದು ಈ 2ನ್ನು.

ಐಎಸ್ 8130 ಮಾನಕದ ಪ್ರಕಾರ 2.5 ಚದರ ಮಿ.ಮೀ. ತಾಮ್ರದ ತಂತಿಯ ರೋಧ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಿಲೋಮೀಟರಿಗೆ ಗರಿಷ್ಠ 7.41 ಓಮ್. 200 ಮೀಟರಿಗೆ 1.48 ಓಮ್. 10 ಆಂಪಿಯರ್ ಹರಿದರೆ ದಾರಿಯಲ್ಲೇ ಇಳಿಯುವ ವೋಲ್ಟೇಜ್ 14.8, ಅಂದರೆ 230ರ 6.4%. ತಂತಿ 1.5 ಚದರ ಮಿ.ಮೀ. ಆದರೆ ಇಳಿಕೆ 24.2 ವೋಲ್ಟ್, 10.5%. 4 ಚದರ ಮಿ.ಮೀ.ಗೆ 9.2 ವೋಲ್ಟ್, 4%. 6 ಚದರ ಮಿ.ಮೀ.ಗೆ 6.2 ವೋಲ್ಟ್, 2.7%. ವೈರಿಂಗ್‌ನೊಳಗಿನ ಇಳಿಕೆಯನ್ನು 3ರಿಂದ 5%ರೊಳಗೆ ಇಡುವುದು ರೂಢಿ. ಆ ಲೆಕ್ಕದಲ್ಲಿ ಮೊದಲ ಎರಡು ಗಾತ್ರಗಳು ಈ ಬಾವಿಗೆ ಸಲ್ಲುವುದಿಲ್ಲ.

ಇದಕ್ಕೆ ಲೈನಿನ ಇಳಿಕೆಯೂ ಸೇರುತ್ತದೆ. ಮೀಟರ್ ತಲುಪುವ ವೋಲ್ಟೇಜ್ 6% ಕಡಿಮೆ ಇದ್ದರೆ 216. ಅದರಿಂದ 14.8 ಕಳೆದರೆ ಪಂಪಿಗೆ ಸಿಗುವುದು 201 ವೋಲ್ಟ್. ಎರಡು ಬೇರೆ ಬೇರೆ 6% ಇಳಿಕೆಗಳು ಕೂಡಿ ಮೋಟಾರಿನ ಬಾಯಲ್ಲಿ 12.4% ಆಗುತ್ತವೆ.

ಹಣದ ಲೆಕ್ಕ ಮಾಡುವುದಾದರೆ ವರ್ಗ ಬೇಕು. ತಂತಿಯಲ್ಲಿ ಬಿಸಿಯಾಗಿ ಹೋಗುವ ಶಕ್ತಿ ಕರೆಂಟಿನ ವರ್ಗ ಮತ್ತು ರೋಧದ ಗುಣಲಬ್ಧ. 2.5 ಚದರ ಮಿ.ಮೀ.ನಲ್ಲಿ ಅದು 148 ವ್ಯಾಟ್, 6ರಲ್ಲಿ 62 ವ್ಯಾಟ್. ದಿನಕ್ಕೆ 4 ಗಂಟೆ ಓಡಿದರೆ ವರ್ಷಕ್ಕೆ 216 ಮತ್ತು 90 ಯೂನಿಟ್. ವ್ಯತ್ಯಾಸ 126 ಯೂನಿಟ್. ಯೂನಿಟ್‌ಗೆ ₹6 ಎಂದು ಹಿಡಿದರೆ ಸುಮಾರು ₹760. ದಪ್ಪ ತಂತಿಗೆ ಬೇಕಾದ ಹೆಚ್ಚುವರಿ ತಾಮ್ರ 6.3 ಕೆ.ಜಿ. ಕಿಲೋಗೆ ₹900 ಎಂದು ಹಿಡಿದರೆ ಸುಮಾರು ₹5,650. ಅಸಲು ಮರಳಲು 7.4 ವರ್ಷ ಬೇಕು. ಉಳಿತಾಯ ಮಾತ್ರವೇ ನೋಡಿದರೆ ಇದು ಆಕರ್ಷಕ ಹೂಡಿಕೆಯಲ್ಲ, ಇದನ್ನು ವಿದ್ಯಾರ್ಥಿಯಿಂದ ಮುಚ್ಚಿಡಬಾರದು. ದಪ್ಪ ತಂತಿ ಹಾಕಲು ನಿಜವಾದ ಕಾರಣ ಮೋಟಾರಿಗೆ ಸಿಗುವ ಹೆಚ್ಚುವರಿ 8.6 ವೋಲ್ಟ್.

ವರ್ಗದ ಇದೇ ನಿಯಮದಿಂದ 11 ಕೆವಿ ಲೈನನ್ನು ಹೊಲದ ಹತ್ತಿರದವರೆಗೆ ತರುವುದು ಯಾಕೆಂದು ತಿಳಿಯುತ್ತದೆ. 11,000 ವೋಲ್ಟ್ ಎಂದರೆ 415ರ 26.5 ಪಟ್ಟು. ಅದೇ ತಂತಿಯಲ್ಲಿ ಅದೇ ಶಕ್ತಿ ಕಳುಹಿಸಿದರೆ ಕರೆಂಟ್ 26.5 ಪಟ್ಟು ಕಡಿಮೆ, ನಷ್ಟ ಸುಮಾರು 700 ಪಟ್ಟು ಕಡಿಮೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿ.ಮೀ. ದೂರ ವಿದ್ಯುತ್ ಕಳುಹಿಸಲು ಹೆಚ್ಚಿನ ವೋಲ್ಟೇಜ್ ಆರಿಸಿದ್ದರ ಹಿಂದೆಯೂ ಇದೇ ಲೆಕ್ಕವಿತ್ತು.

ಖಾನಾಪುರದಿಂದ ಸುಮಾರು 26 ಕಿ.ಮೀ. ದೂರದ ಬೆಳಗಾವಿ ನಗರದಲ್ಲಿ ತಂತಿ ಗಿಡ್ಡ, ಲೋಡ್ ಭಾರಿ. ಉದ್ಯಮಬಾಗದ ವರ್ಕ್‌ಶಾಪ್ ಒಂದರಲ್ಲಿ ಒಟ್ಟು 50 ಕಿಲೋವ್ಯಾಟ್ ಮೋಟಾರ್‌ಗಳು 0.70 ಪವರ್ ಫ್ಯಾಕ್ಟರ್‌ನಲ್ಲಿ ಓಡಿದರೆ ಎಳೆಯುವ ಕರೆಂಟ್ 99 ಆಂಪಿಯರ್. ಪವರ್ ಫ್ಯಾಕ್ಟರನ್ನು 0.95ಕ್ಕೆ ಏರಿಸಿದರೆ 73 ಆಂಪಿಯರ್. ಕೆಲಸ ಅಷ್ಟೇ ಇದ್ದು ಕರೆಂಟ್ 26% ಇಳಿಯುತ್ತದೆ, ಕೇಬಲ್ಲಿನ ನಷ್ಟ 46% ಇಳಿಯುತ್ತದೆ. ಇದಕ್ಕೆ ಬೇಕಾದ ಕೆಪಾಸಿಟರಿನ ಗಾತ್ರ ಸುಮಾರು 35 ಕೆವಿಎಆರ್. ಹತ್ತನೇ ತರಗತಿಯಲ್ಲಿ ಕಲಿತ ಕಾಸ್ ಮತ್ತು ಟ್ಯಾನ್‌ಗೆ ಮೊದಲ ಬಾರಿ ಸಂಬಳದ ಕೆಲಸ ಸಿಗುವುದು ಇಲ್ಲಿ.

ಫೌಂಡ್ರಿಗಳಲ್ಲಿ ಶೇಕಡಾ ಲೆಕ್ಕದ ತೂಕ ಇನ್ನೂ ದೊಡ್ಡದು. ಇಂಡಕ್ಷನ್ ಫರ್ನೇಸ್‌ನಲ್ಲಿ 1 ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ಬೇಕು. ದಿನಕ್ಕೆ 5 ಟನ್, ತಿಂಗಳಿಗೆ 25 ದಿನದಂತೆ 125 ಟನ್ ಕರಗಿಸುವಲ್ಲಿ 5% ಉಳಿಸಿದರೆ 3,750 ಯೂನಿಟ್. ಯೂನಿಟ್‌ಗೆ ₹7 ಎಂದರೆ ತಿಂಗಳಿಗೆ ₹26,250.

ಮನೆಯ ಮಟ್ಟದಲ್ಲಿ 13.5 ಯೂನಿಟ್ ಕೂಡ ದೊಡ್ಡದೇ. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯಲ್ಲಿ 2022-23ರ ಮಾಸಿಕ ಸರಾಸರಿಗೆ 10% ಸೇರಿಸಿ ಉಚಿತ ಮಿತಿ ನಿಗದಿಯಾಗುತ್ತಿತ್ತು, ಗರಿಷ್ಠ 200 ಯೂನಿಟ್. 2024ರಲ್ಲಿ 48 ಯೂನಿಟ್‌ಗಿಂತ ಕಡಿಮೆ ಸರಾಸರಿಯವರಿಗೆ 10%ರ ಬದಲು 10 ಯೂನಿಟ್ ಸೇರಿಸಲಾಯಿತು. 44 ಯೂನಿಟ್ ಸರಾಸರಿಯ ಮನೆಯ ಮಿತಿ 48.4ರಿಂದ 54ಕ್ಕೆ ಏರಿತು. 75 ವ್ಯಾಟ್‌ನ ಒಂದು ಫ್ಯಾನ್ ಬದಲು 30 ವ್ಯಾಟ್‌ನದು ಹಾಕಿ ದಿನಕ್ಕೆ 10 ಗಂಟೆ ಓಡಿಸಿದರೆ ತಿಂಗಳಿಗೆ ಉಳಿಯುವುದು 13.5 ಯೂನಿಟ್. ಸರ್ಕಾರ ಸೇರಿಸಿದ 10ಕ್ಕಿಂತ ಇದು ಹೆಚ್ಚು.

ಕೊನೆಯ ಲೆಕ್ಕಕ್ಕೆ ರೂಪಾಯಿ ಬೆಲೆಯಿಲ್ಲ. ದೇಹದ ರೋಧ 1,000 ಓಮ್ ಎಂದು ಹಿಡಿದರೆ 230 ವೋಲ್ಟ್ ತಾಗಿದಾಗ ಹರಿಯುವುದು 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಮೈ ಒದ್ದೆಯಿದ್ದರೆ ಇನ್ನೂ ಹೆಚ್ಚು. ಕರೆಂಟ್ ಸೋರಿದಾಗ ಸಂಪರ್ಕ ಕಡಿಯುವ ಆರ್‌ಸಿಸಿಬಿಗಳಲ್ಲಿ ಜೀವರಕ್ಷಣೆಗೆ ಹಾಕುವುದು 30 ಮಿಲಿಆಂಪಿಯರ್‌ನದು, ಮೇಲಿನ ಕರೆಂಟಿನ ಸುಮಾರು ಎಂಟನೇ ಒಂದು ಭಾಗ. ಬೆಂಕಿ ಅನಾಹುತ ತಡೆಗೆಂದು 300 ಮಿಲಿಆಂಪಿಯರ್‌ನದೂ ಮಾರುಕಟ್ಟೆಯಲ್ಲಿದೆ, ನೋಡಲು ಎರಡೂ ಒಂದೇ ರೀತಿ. 230 ಮಿಲಿಆಂಪಿಯರ್ ಮನುಷ್ಯನ ಮೂಲಕ ಹರಿದರೂ 300ರದ್ದು ಟ್ರಿಪ್ ಆಗುವ ಖಾತ್ರಿಯಿಲ್ಲ. 0.03 ಮತ್ತು 0.3ರ ನಡುವಿನ ದಶಮಾಂಶ ಸ್ಥಾನವನ್ನು ಮೊದಲ ವರ್ಷದ ಮೊದಲ ತಿಂಗಳಲ್ಲೇ, ಎರಡೂ ಉಪಕರಣಗಳನ್ನು ವಿದ್ಯಾರ್ಥಿಯ ಕೈಗಿಟ್ಟು ಕಲಿಸಬೇಕು.