ಗೂಡು ಕಾಯದು, ಅಡಿಕೆ ಕಾದೀತು

ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಗಳಿಂದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತರುವ ರೈತನನ್ನು ನಮ್ಮ ಅಡಿಕೆ, ಕಾಫಿ ಬೆಳೆಗಾರರು ಒಮ್ಮೆ ನೋಡಿ ಬರಬೇಕು. ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ವಾರವೊಪ್ಪತ್ತು ಹಾಗೆಯೇ ಇಟ್ಟರೆ ಚಿಟ್ಟೆ ಕೊರೆದು ಹೊರಬರುತ್ತದೆ. ಆ ಬಳಿಕ ನೂಲು ಬಿಚ್ಚಲಾಗದು. ಆದುದರಿಂದ ಅಂದಿನ ಹರಾಜಿನ ದರವೇ ಆತನ ದರ.

ಕಾಯುವ ಅನುಕೂಲಕ್ಕೂ ಬೆಲೆಯಿದೆ. ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ 1973ರಲ್ಲೇ ಬ್ಲ್ಯಾಕ್ ಮತ್ತು ಶೋಲ್ಸ್ ಎಂಬುವರು, ಇಂದು ಗೊತ್ತುಮಾಡಿದ ಬೆಲೆಗೆ ಮುಂದೆ ಕೊಳ್ಳುವ ಅಥವಾ ಮಾರುವ ಹಕ್ಕಿಗೆ ಬೆಲೆಕಟ್ಟುವ ಸೂತ್ರ ಪ್ರಕಟಿಸಿದರು. ದರದ ಏರಿಳಿತ ಹೆಚ್ಚಿದಷ್ಟೂ ಹಕ್ಕಿನ ಬೆಲೆ ಹೆಚ್ಚು.

ಆ ಸೂತ್ರದಲ್ಲಿ ದರ ಸೊನ್ನೆಗಿಂತ ಕೆಳಗಿಳಿಯುವಂತಿಲ್ಲ. ಆದರೆ 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ವಾಯಿದೆ ದರ ಪೀಪಾಯಿಗೆ ಮೈನಸ್ 37.63 ಡಾಲರಿಗೆ ಕುಸಿಯಿತು. ತುಂಬಿಡಲು ಜಾಗ ಸಿಗದೆ, ಕೊಂಡವರೇ ಹಣ ಕೊಟ್ಟು ಸಾಗಹಾಕಿದರು. ಶಿಕಾಗೋದ ವಿನಿಮಯ ಕೇಂದ್ರವು ತೈಲದ ಹಕ್ಕುಗಳಿಗೆ ಬೆಲೆಕಟ್ಟಲು, ಪ್ಯಾರಿಸ್ಸಿನ ಬಾಶೆಲಿಯೆ 1900ರಲ್ಲಿ ಬರೆದಿಟ್ಟ ಲೆಕ್ಕಕ್ಕೆ ಮರಳಬೇಕಾಯಿತು. ಗೂಡಿನ ರೈತನಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ!

ಒಣ ಅಡಿಕೆ, ಪಾರ್ಚ್‌ಮೆಂಟ್ ಕಾಫಿ ಕಾಯಬಲ್ಲವು. ಉಗ್ರಾಣದ ಚೀಲವೂ ಒಂದು ಬಗೆಯ ಹಕ್ಕೇ. ಆದರೆ ಪುಕ್ಕಟೆಯಲ್ಲ. ಕ್ವಿಂಟಾಲಿಗೆ 40,000 ರೂ. ಎಂದಿಟ್ಟುಕೊಂಡರೆ, ಶೇಕಡಾ 12ರ ಸಾಲದ ಮೇಲೆ ತಿಂಗಳಿಗೆ 400 ರೂ. ಬಡ್ಡಿ, ತೂಕದ ಇಳಿತ, ಬೂಷ್ಟು ಬೇರೆ. ಸಾಲದ ಕಂತಿನ ದಿನ ಬಂತೆಂದರೆ ಹಕ್ಕೂ ಮುಗಿಯಿತು. ಅಂದು ಅಡಿಕೆಯವನೂ ಗೂಡಿನವನೂ ಒಂದೇ ಸಾಲಿನಲ್ಲಿ. ಕಂತಿಗೆ ಬೇಕಾದಷ್ಟು ಮಾಲನ್ನು ಮೊದಲೇ, ಎರಡು ಮೂರು ಸಲವಾಗಿ ಮಾರಿ, ಮಿಕ್ಕದ್ದನ್ನಷ್ಟೇ ಇಟ್ಟುಕೊಳ್ಳುವುದು ಲೇಸು.